ಆನ್-ರೋಡ್ ಬೆಲೆಯ ಕೆಳಗಿನ ಸಾಲುಗಳು

ಪುಣೆ, ಭಾನುವಾರ, 12 ಅಕ್ಟೋಬರ್ 2025

ದೀಪಾವಳಿ ಪಾಡ್ಯಕ್ಕೆ ಇನ್ನು ಹತ್ತೇ ದಿನ. ಅವತ್ತೇ ಹೊಸ ಕಾರು ಮನೆಗೆ ಬರಬೇಕು ಅಂತ ಮೈದುನನ ಆಸೆ. ಪುಣೆಯಲ್ಲಿ ದಸರಾ ಮತ್ತು ಪಾಡ್ಯದಂದು ಗಾಡಿ ತರುವವರು ಬಹಳ. ಹಾಗಾಗಿ ಶೋರೂಮಿನಲ್ಲಿ ಕೂರಲು ಕುರ್ಚಿ ಸಿಗುವುದೂ ಕಷ್ಟವಾಗಿತ್ತು. ಕೊಟೇಶನ್ ನೋಡಲು ನಾನೂ ಜೊತೆಗೆ ಹೋಗಿದ್ದೆ.

ಕಾರಿನ ಬೆಲೆಯ ಮಾತು ಬೇಗ ಮುಗಿಯಿತು. ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರು. ಮಹಾರಾಷ್ಟ್ರದಲ್ಲಿ ಅದಕ್ಕೆ ರಸ್ತೆ ತೆರಿಗೆ ಶೇ. 11, ಅದರಲ್ಲಿ ಚೌಕಾಸಿ ಇಲ್ಲ. ಹೊತ್ತು ಹೋದದ್ದೆಲ್ಲ ಅದರ ಕೆಳಗಿನ ಸಾಲುಗಳಿಗೆ. ಇನ್ಶೂರೆನ್ಸ್, ಎಕ್ಸ್‌ಟೆಂಡೆಡ್ ವಾರಂಟಿ, ಆಕ್ಸೆಸರಿ ಕಿಟ್, ಬಣ್ಣದ ಮೇಲೆ ಹಚ್ಚುವ ಸೆರಾಮಿಕ್ ಕೋಟಿಂಗ್, ತುಕ್ಕು ಹಿಡಿಯದಂತೆ ತಳಕ್ಕೆ ಹಚ್ಚುವ ಅಂಡರ್‌ಬಾಡಿ ಕೋಟಿಂಗ್, ಹ್ಯಾಂಡ್ಲಿಂಗ್ ಚಾರ್ಜ್. ಎಲ್ಲ ಕೂಡಿಸಿ ಕೊನೆಗೆ ಒಂದೇ ಮೊತ್ತ, ಅದೇ ಆನ್-ರೋಡ್ ಬೆಲೆ. ಯಾವುದು ಕಾನೂನು ಕೇಳಿದ್ದು, ಯಾವುದು ಶೋರೂಮ್ ಸೇರಿಸಿದ್ದು ಅಂತ ನೋಡಿದರೆ ತಿಳಿಯುವ ಹಾಗೇ ಇರಲಿಲ್ಲ.

"ಸಾಲದಲ್ಲೇ ಸೇರಿಸಿಬಿಡೋಣ, ತಿಂಗಳಿಗೆ ಸ್ವಲ್ಪವೇ ಜಾಸ್ತಿ" ಅಂದ ಸೇಲ್ಸ್ ಹುಡುಗ, ಮರಾಠಿಯಲ್ಲಿ. ತಿಂಗಳ ಲೆಕ್ಕದಲ್ಲಿ ಎಲ್ಲವೂ ಸಣ್ಣದಾಗಿಯೇ ಕಾಣುತ್ತದೆ. ಏಳು ವರ್ಷದ ಸಾಲ ಅಂದರೆ ಸೀಟ್ ಕವರಿಗೂ ಏಳು ವರ್ಷ ಬಡ್ಡಿ ಕಟ್ಟಬೇಕು. ಹೊಸದಾಗಿ ದುಡಿಯಲು ಶುರು ಮಾಡಿದ ಹುಡುಗರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು.

ಹೆಚ್ಚು ಮಾತಾಡಿದ್ದು ಇನ್ಶೂರೆನ್ಸ್ ಬಗ್ಗೆ. ತಮ್ಮಲ್ಲೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಕ್ಯಾಶ್‌ಲೆಸ್, ಅಂದರೆ ರಿಪೇರಿ ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಗ್ಯಾರೇಜಿಗೆ ಕಟ್ಟುವ ಸೌಲಭ್ಯ, ಸಿಗುವುದಿಲ್ಲ ಅಂದರು. ಇದು ಸರಿಯಲ್ಲ. ಕ್ಯಾಶ್‌ಲೆಸ್ ಸಿಗುವುದು ನಾವು ಆರಿಸಿಕೊಂಡ ವಿಮಾ ಕಂಪನಿಯ ಗ್ಯಾರೇಜ್ ಪಟ್ಟಿಯಲ್ಲಿ ಆ ವರ್ಕ್‌ಶಾಪ್ ಇದ್ದರೆ. ಪಾಲಿಸಿ ಯಾರಿಂದ ಕೊಂಡೆವು ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ವಿಮೆ ಎಲ್ಲಿ ಮಾಡಿಸಬೇಕು ಅನ್ನುವುದು ಕೊಳ್ಳುವವರ ಹಕ್ಕು. ಡೀಲರುಗಳ ಮೂಲಕ ವಿಮೆ ಮಾರುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲಿ ಮಾಡಿದ ನಿಯಮಗಳಲ್ಲೂ ಹಾಗೇ ಇದೆ. ಕಾನೂನು ಬೇಕೇ ಬೇಕು ಅನ್ನುವುದು ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ. ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಇದು ಜಾರಿಯಲ್ಲಿದೆ. ನಮ್ಮ ಕಾರಿಗೆ ಆಗುವ ಹಾನಿಯ ವಿಮೆಯನ್ನು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು.

ಪಾಲಿಸಿಯಲ್ಲಿ ಮಾಲೀಕ-ಚಾಲಕನ ಹೆಸರಿಗೆ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರನ್ನೂ ಸೇರಿಸಿದ್ದರು. ಅದು ಕಡ್ಡಾಯ, ನಿಜ. ಆದರೆ ಮೈದುನನ ಬೈಕಿನ ಪಾಲಿಸಿಯಲ್ಲಿ ಅದು ಆಗಲೇ ಇದೆ. 2019ರಿಂದ ಒಬ್ಬರಿಗೆ ಒಂದೇ ಸಾಕು, ಗಾಡಿಗೊಂದರಂತೆ ಬೇಕಿಲ್ಲ. ಇದ್ದದ್ದನ್ನು ಬರೆದುಕೊಟ್ಟರೆ ಆಯಿತು. ಆ ಸಾಲು ಹೋಯಿತು.

ಹಾಗಂತ ಎಲ್ಲ ಹೆಚ್ಚುವರಿ ಕವರೂ ಬೇಡ ಅನ್ನುವವಳಲ್ಲ ನಾನು. ಝೀರೋ ಡೆಪ್ರಿಸಿಯೇಶನ್, ಅಂದರೆ ಭಾಗಗಳ ಬೆಲೆಯಲ್ಲಿ ಸವಕಳಿ ಕಳೆಯದ ಕವರ್, ತೆಗೆದುಕೊಳ್ಳಲೇಬೇಕು ಅಂದೆ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳು ಹೊಸವೇ ಇದ್ದರೂ ಕ್ಲೇಮಿನಲ್ಲಿ ಅರ್ಧ ಬೆಲೆ ಕಡಿತ. ಈಗಿನ ಬಂಪರ್ ಎಲ್ಲ ಪ್ಲಾಸ್ಟಿಕ್ಕೇ ಅಲ್ವಾ? ಪುಣೆಯ ಟ್ರಾಫಿಕ್ಕಿನಲ್ಲಿ ಮೊದಲು ಪೆಟ್ಟು ತಿನ್ನುವುದೂ ಅದೇ.

ಎಂಜಿನ್ ಪ್ರೊಟೆಕ್ಟ್ ಕೂಡ ಬೇಕು. ಅವನ ಮನೆ ಇರುವುದು ಸಿಂಹಗಡ ರಸ್ತೆಯ ಕಡೆ. 2024ರ ಜುಲೈಯಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಆ ಕಡೆಯ ಏಕ್ತಾ ನಗರಿಯ ಸೊಸೈಟಿಗಳೊಳಗೇ ನೀರು ನುಗ್ಗಿತ್ತು. ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿದರೆ ಸಿಲಿಂಡರಿನೊಳಗೆ ನೀರು ಸೇರಿ ಎಂಜಿನ್ ಜಾಮ್ ಆಗುತ್ತದೆ. ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯ ಪಾಲಿಸಿ ಇದಕ್ಕೆ ದುಡ್ಡು ಕೊಡುವುದಿಲ್ಲ, ಅದು ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿ ಅನ್ನುತ್ತಾರೆ. ಸೆರಾಮಿಕ್ ಕೋಟಿಂಗಿನ ದುಡ್ಡಿನಲ್ಲಿ ಒಂದು ಪಾಲನ್ನು ಇಲ್ಲಿ ಹಾಕಿದರೆ ಸಾಕು.

ಕೋಟಿಂಗ್ ಎರಡೂ ಬೇಡ ಅಂದೆವು. ಕಾರಿನ ಬಾಡಿಯನ್ನು ಕಾರ್ಖಾನೆಯಲ್ಲೇ ತುಕ್ಕು ಹಿಡಿಯದ ಪ್ರೈಮರಿನಲ್ಲಿ ಅದ್ದಿ ತೆಗೆದಿರುತ್ತಾರೆ. ಸಮುದ್ರದ ಉಪ್ಪುಗಾಳಿಯಲ್ಲಿರುವ ಗೋವಾದವರು, ಮುಂಬೈಯವರು ಬೇಕಾದರೆ ಯೋಚಿಸಲಿ. ಇಲ್ಲಿ ಮಳೆಗಾಲ ಮುಗಿದ ಮೇಲೆ ಕಾರಿನ ತಳವನ್ನು ಚೆನ್ನಾಗಿ ತೊಳೆಸಿದರೆ ಆಯಿತು.

ಆಕ್ಸೆಸರಿ ಕಿಟ್ ಬಂದಾಗ ಮೈದುನ ನನ್ನ ಮುಖ ನೋಡಿದ. "ವೈನಿ, ಸೀಟ್ ಕವರ್ ಮಾತ್ರ ಬೇಕರಿ, ಬಟ್ಟೆ ಸೀಟ್ ಹೊಲಸಾಗ್ತಾವ" ಅಂದ. ಇಲ್ಲಿ ನಾನು ಬಿಟ್ಟುಕೊಡಲಿಲ್ಲ. ಈ ಕಾರಿಗೆ ಆರು ಏರ್‌ಬ್ಯಾಗ್. ಅದರಲ್ಲಿ ಪಕ್ಕದ ಎರಡು ಮುಂದಿನ ಸೀಟುಗಳ ಅಂಚಿನೊಳಗೇ ಕೂತಿವೆ. ಮೇಲೆ ದಪ್ಪ ರೆಕ್ಸಿನ್ ಕವರ್ ಬಿಗಿದು ಹೊಲಿದರೆ, ಬೇಕಾದ ಹೊತ್ತಿಗೆ ಅವು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಏರ್‌ಬ್ಯಾಗಿಗೆ ಅಂತಲೇ ಅಂಚು ಬಿಟ್ಟು ಹೊಲಿದ ಕವರ್ ತೋರಿಸಿ ಅಂದೆ. ಸ್ಟಾಕ್ ಇಲ್ಲ ಅಂದರು. ಹಾಗಾದರೆ ಬೇಡ. ಬಟ್ಟೆ ಕೊಳೆಯಾದರೆ ಒಗೆಯಬಹುದು. ಸ್ಕ್ರೀನು, ಸ್ಪೀಕರು ಅಂತ ಹೊರಗೆ ವೈರ್ ಕತ್ತರಿಸಿ ಏನನ್ನೂ ಹಾಕಿಸಬೇಡ, ವಾರಂಟಿಗೆ ತಕರಾರು ಬರುತ್ತದೆ ಅಂತಲೂ ಹೇಳಿದೆ.

ಅದೇ ಕಿಟ್ಟಿನಲ್ಲಿ ಕಪ್ಪು ಫಿಲ್ಮೂ, ಬಂಪರಿನ ಮುಂದೆ ಹಾಕುವ ಉಕ್ಕಿನ ಗಾರ್ಡೂ ಇದ್ದವು. ಗಾಜಿಗೆ ಕಪ್ಪು ಫಿಲ್ಮ್ ಹಚ್ಚಬಾರದು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಮುಂದಿನ ಉಕ್ಕಿನ ಗಾರ್ಡಿಗೆ 2017ರಿಂದ ಕೇಂದ್ರ ಸಾರಿಗೆ ಇಲಾಖೆಯ ನಿಷೇಧ ಇದೆ. ಗುದ್ದಿದಾಗ ಪಾದಚಾರಿಗೆ ಜಾಸ್ತಿ ಪೆಟ್ಟು, ಏರ್‌ಬ್ಯಾಗ್ ಸೆನ್ಸರಿಗೂ ಅಡ್ಡಿ. ದಂಡ ಬೀಳುವ ವಸ್ತುವನ್ನು ನಮಗೇ ಮಾರುವುದು ಯಾವ ನ್ಯಾಯ ಅಂತ ಕೇಳಿದೆ. ಮ್ಯಾನೇಜರ್ ಬಂದು ಎರಡನ್ನೂ ತೆಗೆದರು.

ಹ್ಯಾಂಡ್ಲಿಂಗ್ ಚಾರ್ಜ್ ಯಾವುದಕ್ಕೆ, ಆರ್‌ಟಿಒ ರಸೀದಿಯಲ್ಲಿ ಇದು ಬರುತ್ತದೆಯೇ ಅಂತ ಕೇಳಿದ್ದಕ್ಕೆ ಅದೂ ಹೋಯಿತು. ಕೇಳದೆ ಇದ್ದವರು ಸುಮ್ನೆ ಕಟ್ಟಿ ಹೋಗುತ್ತಾರಲ್ಲ ಅಂತ ಬೇಜಾರಾಯಿತು. ಪಕ್ಕದ ಟೇಬಲಿನ ಅಜ್ಜ-ಅಜ್ಜಿ ಅಷ್ಟೊತ್ತಿಗೆ ಸಹಿ ಹಾಕಿ ಮುಗಿಸಿದ್ದರು.

ಎಕ್ಸ್‌ಟೆಂಡೆಡ್ ವಾರಂಟಿ ಇನ್ನೂ ತೀರ್ಮಾನವಾಗಿಲ್ಲ. ಕಂಪನಿಯ ವಾರಂಟಿ ಮುಗಿಯುವುದರೊಳಗೆ ಯಾವಾಗ ಬೇಕಾದರೂ ಕೊಳ್ಳಬಹುದಂತೆ, ತಡವಾದಷ್ಟು ರೇಟು ಏರುತ್ತದಂತೆ. ಟಚ್ ಸ್ಕ್ರೀನ್, ಎಸಿ ಕಂಪ್ರೆಸರ್ ಅದರಲ್ಲಿ ಬರುತ್ತವೆಯೇ ಅಂತ ಪುಸ್ತಕ ಕೇಳಿ ತಂದಿದ್ದೇನೆ. ರಾತ್ರಿ ಓದಬೇಕು.

ಹೊರಗಿನ ವಿಮೆಗೆ ಚಾಸಿ ನಂಬರ್, ಎಂಜಿನ್ ನಂಬರ್ ಬೇಕು. ಅವನ್ನು ನಾಳೆ ಕೊಡುತ್ತೇವೆ ಅಂದಿದ್ದಾರೆ, ಪ್ರತಿ ಸಾಲಿಗೂ ಬೇರೆ ಬೇರೆ ಮೊತ್ತ ಬರೆದ ಹೊಸ ಕೊಟೇಶನ್ ಸಮೇತ. ಅವೆರಡೂ ಕೈಗೆ ಬಂದ ಮೇಲೆಯೇ ಬಾಕಿ ಹಣ ಕಳಿಸು ಅಂತ ಮೈದುನನಿಗೆ ಹೇಳಿದ್ದೇನೆ. ಪಾಡ್ಯ ತಪ್ಪಿದರೂ ಪರವಾಗಿಲ್ಲ ಅಂತ ಅವನೂ ಒಪ್ಪಿದ್ದಾನೆ.