ಶೇ. 45, ಆದರೆ ಯಾವುದರಲ್ಲಿ?

ಅಪಘಾತ ಪರಿಹಾರದ ಪ್ರಕರಣಗಳನ್ನು ನಡೆಸುವ ವಕೀಲೆ ನಾನು. ಕೆಲವು ಅಂಗವೈಕಲ್ಯ ಪ್ರಮಾಣಪತ್ರಗಳನ್ನು ಕೈಗೆತ್ತಿಕೊಂಡರೆ ಸಾಕು, ವಿಮಾ ಕಂಪನಿಯ ವಕೀಲರ ಪಾಟೀಸವಾಲು ಕಿವಿಗೆ ಬೀಳುತ್ತದೆ: “ಡಾಕ್ಟರೇ, ಚಿಕಿತ್ಸೆ ಕೊಟ್ಟವರು ನೀವಲ್ಲ ತಾನೇ? ಈ ಶೇ. 45 ಎಡಗಾಲಿಗೋ, ಇಡೀ ದೇಹಕ್ಕೋ?”

ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು. ತೀರ್ಪು ಬರೆದವರು ಹಿಂದೆ ನಮ್ಮ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಚಿಕಿತ್ಸೆ ಕೊಡದೆ, ಸರಿಯಾಗಿ ತಪಾಸಣೆಯನ್ನೂ ಮಾಡದೆ ಸಿದ್ಧ ಪ್ರಮಾಣಪತ್ರ ಕೊಡುವ ವೈದ್ಯರ ಸಾಕ್ಷ್ಯದ ಬಗ್ಗೆ ಎಚ್ಚರವಿರಲಿ ಎಂದರು. ಎಡಗೈ ಹೋದರೆ ಬಡಗಿಯ ದುಡಿಮೆ ಹೆಚ್ಚುಕಡಿಮೆ ಪೂರ್ತಿ ನಿಲ್ಲಬಹುದು, ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ದೇಹದ ಊನವನ್ನು ವೈದ್ಯರು ಹೇಳಲಿ, ಗಳಿಕೆಯ ನಷ್ಟವನ್ನು ನ್ಯಾಯಮಂಡಳಿ ಅಳೆಯಬೇಕು.

ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ, 1993ರ ಡೌಬರ್ಟ್ ತೀರ್ಪಿನ ನಂತರ, ತಜ್ಞರ ಮಾತು ಜ್ಯೂರಿಯ ಕಿವಿಗೆ ಬೀಳುವ ಮೊದಲೇ, ಅವರ ವಿಧಾನ ಪರೀಕ್ಷೆಗೆ ನಿಲ್ಲುತ್ತದೆಯೇ ಎಂದು ನ್ಯಾಯಾಧೀಶರು ಜರಡಿ ಹಿಡಿಯುತ್ತಾರೆ. ನಮ್ಮಲ್ಲಿ ಜ್ಯೂರಿಯಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 45ನೇ ಕಲಂ, ಈಗಿನ ಸಾಕ್ಷ್ಯ ಅಧಿನಿಯಮದ 39ನೇದು, ತಜ್ಞರನ್ನು ಒಳಗೆ ಬಿಡುತ್ತದೆ, ತೂಗುವುದೆಲ್ಲ ಆಮೇಲೆ. ಆ ‘ಆಮೇಲೆ’ಯೇ ನನ್ನ ತಲೆನೋವು.

ಹಾಗಾಗಿ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಸಾಕ್ಷಿಯಾಗಿ ಕರೆಸಲು ಪಟ್ಟು ಹಿಡಿಯುತ್ತೇನೆ. ಹೊರರೋಗಿಗಳನ್ನು ಬಿಟ್ಟು ಕೋರ್ಟಿನಲ್ಲಿ ದಿನವಿಡೀ ಕಾಯಲು ಯಾರಿಗೆ ಇಷ್ಟ? ಅದಕ್ಕೂ ಅದೇ ತೀರ್ಪಿನಲ್ಲಿ ದಾರಿಯಿದೆ: ನಿಗದಿತ ಸಮಯ ಕೊಡಿ, ಇಲ್ಲವೇ ಕೋರ್ಟೇ ನೇಮಿಸುವ ಕಮಿಷನರ್ ಮೂಲಕ ಸಾಕ್ಷ್ಯ ದಾಖಲಿಸಿ. ಅರ್ಜಿ ಹಾಕುವ ವಕೀಲರೇ ಕಡಿಮೆ.