ಹೆದರಿಸಿದ ರಿಪೋರ್ಟು, ಒಣಗಿದ ಗುಳ್ಳೆ

ಬಸುರಿಯಾಗಿದ್ದಾಗ ಮೈಮೇಲೆ ಏನಾದರೂ ಎದ್ದರೆ ‘ಹೆರಿಗೆ ಆದಮೇಲೆ ಹೋಗುತ್ತೆ ಬಿಡು’ ಅನ್ನುವವರೇ ಜಾಸ್ತಿ. ನನ್ನ ತೊಡೆ, ತೋಳಿನ ಗುಳ್ಳೆಗಳಿಗೂ ಅದೇ ಮಾತು. ಆದರೆ ಇವು ತುರಿಸುತ್ತಿರಲಿಲ್ಲ. ಕೆಂಪಗೆ ಎದ್ದು, ನಡುವೆ ಕಪ್ಪಾಗಿ ಹಕ್ಕಳೆ ಕಟ್ಟುತ್ತಿದ್ದವು. ಒಂದು ಒಣಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು.

ಚರ್ಮದ ಡಾಕ್ಟರು ಗುಳ್ಳೆಯ ಒಂದು ಚೂರು ತೆಗೆದು ಬಯಾಪ್ಸಿ ಮಾಡೋಣ ಎಂದರು. ಮರಗಟ್ಟಿಸುವ ಇಂಜೆಕ್ಷನ್ನಿನಿಂದ ಮಗುವಿಗೆ ತೊಂದರೆಯಿಲ್ಲ ಅಂತ ನಾನು ಕೇಳುವ ಮೊದಲೇ ಹೇಳಿದರು. ಸೂಜಿಯ ಉರಿ, ಆಮೇಲೆ ಏನೋ ಒತ್ತಿದ ಹಾಗೆ. ಅಷ್ಟೇ.

ರಿಪೋರ್ಟನ್ನು ಡಾಕ್ಟರಿಗಿಂತ ಮೊದಲು ನಾನೇ ಓದಿದೆ. ದೊಡ್ಡ ದೊಡ್ಡ ಅಸಹಜ ಲಿಂಫೋಸೈಟುಗಳು (ಬಿಳಿ ರಕ್ತಕಣಗಳ ಒಂದು ಬಗೆ), ಅವುಗಳ ಮೇಲೆ ಸಿಡಿ30 ಎಂಬ ಪ್ರೋಟೀನ್ ಪಾಸಿಟಿವ್. ಅದರ ಕೆಳಗೆ ಲಿಂಫೋಮ, ಅಂದರೆ ಆ ಕಣಗಳ ಕ್ಯಾನ್ಸರ್, ಎಂಬ ಪದ. ಮುಂದಿನ ಸಾಲುಗಳು ತಲೆಗೆ ಹೋಗಲೇ ಇಲ್ಲ.

ಡಾಕ್ಟರು ಹಾಳೆಯನ್ನು ಪಕ್ಕಕ್ಕಿಟ್ಟು, “ಮೊದಲು ಹಳೇ ಗುಳ್ಳೆ ತೋರಿಸಿ” ಎಂದರು. ಹೋದ ಸಲ ನೋಡಿದ್ದೆಲ್ಲ ಚಪ್ಪಟೆಯಾಗಿ, ಕಂದು ಕಲೆ ಮಾತ್ರ ಉಳಿದಿತ್ತು. “ಏನಾದ್ರೂ ಹಚ್ಚಿದ್ರಾ?” ಇಲ್ಲವೆಂದೆ. “ತಾನಾಗೇ ಹೋಗಿದೆ ಅಲ್ವಾ? ಇದು ಲಿಂಫೋಮಟಾಯ್ಡ್ ಪ್ಯಾಪುಲೋಸಿಸ್.”

ಸೂಕ್ಷ್ಮದರ್ಶಕದಲ್ಲಿ ಕ್ಯಾನ್ಸರಿನ ಹಾಗೇ ಕಾಣುತ್ತದೆ, ಮೈಮೇಲೆ ಮಾತ್ರ ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. 1968ರಲ್ಲಿ ಮೆಕಾಲೆ ಎಂಬ ವೈದ್ಯರು ಇದಕ್ಕೆ ಹೆಸರಿಟ್ಟಾಗ ಎತ್ತಿ ತೋರಿಸಿದ್ದೂ ಈ ವಿಚಿತ್ರವನ್ನೇ. ಬರೀ ಗಾಜಿನ ಮೇಲಿನ ಚೂರನ್ನು ನೋಡಿದರೆ ಸಾಲದು, ಆಳನ್ನೂ ನೋಡಬೇಕು.

ಕಡಿಮೆ ಡೋಸಿನ ಮೆಥೊಟ್ರೆಕ್ಸೇಟ್ ಕೊಟ್ಟರೆ ಗುಳ್ಳೆಗಳು ಬೇಗ ಅಡಗುತ್ತವಂತೆ. ಆದರೆ ಅದರಿಂದ ಗರ್ಭ ಇಳಿಯಬಹುದು, ಮಗುವಿಗೆ ಊನವಾಗಬಹುದು. ಹಾಲೂಡಿಸುವಾಗಲೂ ಕೂಡದು. ಬೇಕಿದ್ದರೆ ಸ್ಟೀರಾಯ್ಡ್ ಮುಲಾಮು, ಇಲ್ಲವೇ ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆ. ಯಾವುದನ್ನು ಮಾಡಿದರೂ ಮುಂದೆ ಲಿಂಫೋಮ ಬರುವುದು ತಪ್ಪುತ್ತದೆ ಅಂತೇನಿಲ್ಲ. ಹಾಗಿದ್ದ ಮೇಲೆ ಕಲೆಗಾಗಿ ಸುಮ್ನೆ ಯಾಕೆ ಔಷಧಿ ಅಂತ ನಾನು ಎಲ್ಲವನ್ನೂ ಬೇಡವೆಂದೆ. ಡಾಕ್ಟರೂ ಒಪ್ಪಿದರು.

ಮಗುವಿಗೆ ಅಂಟುತ್ತದಾ ಅಂತ ಅತ್ತೆ ಕೇಳಿದರು. ಅಂಟುವ ರೋಗವೇ ಅಲ್ಲ ಇದು.

ಹೆರಿಗೆಯ ನಂತರವೂ ಗುಳ್ಳೆಗಳು ಬಂದು ಹೋಗುತ್ತಿವೆ. ಹೊಸದು ಎದ್ದರೆ ಪಕ್ಕದಲ್ಲಿ ಸ್ಕೇಲಿಟ್ಟು ಫೋಟೋ ತೆಗೆಯುತ್ತೇನೆ. ಹತ್ತರಲ್ಲಿ ಒಬ್ಬಿಬ್ಬರಿಗೆ, ಎಷ್ಟೋ ವರ್ಷಗಳ ನಂತರವೂ, ಲಿಂಫೋಮ ಬರಬಹುದಾದ್ದರಿಂದ ಚೆಕಪ್ ಬಿಡುವ ಹಾಗಿಲ್ಲ. ಗುಳ್ಳೆ ಮಾಯದೆ ಬೆಳೆಯುತ್ತಲೇ ಹೋದರೆ, ಕಂಕುಳಲ್ಲೋ ಕತ್ತಿನಲ್ಲೋ ಗಂಟು ಸಿಕ್ಕರೆ, ತಾರೀಖಿಗೆ ಕಾಯದೆ ಬಂದುಬಿಡಿ ಅಂದಿದ್ದಾರೆ.