ಎಲ್ಲವೂ ಇದೆ ಸಾರ್

"ಡಿ ಡ್ರೈವ್‌ನಲ್ಲಿರುವುದೂ ಬ್ಯಾಕಪ್ ಆಗಿದೆಯೇನಪ್ಪಾ?" ಎಂದು ಮೇಷ್ಟ್ರು ಯುಗಾದಿಯ ಹೊತ್ತಿನಲ್ಲೇ ಕೇಳಿದ್ದರು. "ಎಲ್ಲವೂ ಇದೆ ಸಾರ್" ಎಂದಿದ್ದೆ. ನಾನು ತೆಗೆದಿಟ್ಟದ್ದು ಸಿಸ್ಟಂ ಇಮೇಜ್. ಹಾಗೆಂದರೆ ಇಡೀ ಕಂಪ್ಯೂಟರಿನ ಪಡಿಯಚ್ಚು ಎಂದು ನಾನೂ ನಂಬಿದ್ದೆ.

ನವರಾತ್ರಿಗೆ ನಾಲ್ಕು ದಿನವಿದ್ದಾಗ ಕುವೆಂಪುನಗರದ ಅವರ ಮನೆಯಿಂದ ಫೋನು. ವಿಂಡೋಸ್ ಏಳುತ್ತಿಲ್ಲ. ಅಂದು ನಮ್ಮ ರಿಪೇರಿ ಅಂಗಡಿಯಲ್ಲಿ ಹನ್ನೊಂದು ಜಾಬ್ ಕಾರ್ಡ್, ಕೆಲಸಕ್ಕೊಂದು ಚೀಟಿ. ಸಂಜೆ ನಮ್ಮ ಮಾಲೀಕರು ಎಣಿಸುವುದು ಕಾರ್ಡುಗಳನ್ನು ಮಾತ್ರ. ಕೆಲಸಕ್ಕೆ ಕೈಹಾಕುವ ಮುನ್ನ ನಕಲು ತೆಗೆದಿಡಲು ಒಂದು ಬಿಡಿ ಹಾರ್ಡ್ ಡಿಸ್ಕ್ ಕೊಡಿಸಿ ಎಂದು ಎರಡು ವರ್ಷದಿಂದ ಕೇಳುತ್ತಲೇ ಇದ್ದೇನೆ.

ಇಮೇಜ್ ಇದ್ದ ಡಿಸ್ಕನ್ನು ಸಿಕ್ಕಿಸಿ, ಕೆಟ್ಟ ವಿಂಡೋಸನ್ನು ಮರಳಿ ಕೂರಿಸುವ ರಿಕವರಿ ಮೆನುವಿಗೆ ಹೋದೆ. 'ಫಾರ್ಮ್ಯಾಟ್ ಅಂಡ್ ರಿಪಾರ್ಟಿಷನ್ ಡಿಸ್ಕ್ಸ್' ಎಂಬಲ್ಲಿ, ಅಂದರೆ ಡಿಸ್ಕನ್ನು ಅಳಿಸಿ ಹೊಸದಾಗಿ ಭಾಗ ಮಾಡು ಎಂಬಲ್ಲಿ, ಟಿಕ್ ಹಾಕಿದೆ. ಎಲ್ಲವೂ ಶುಚಿಯಾಗಿ ಕೂರಲಿ ಎಂಬ ಜಾಣತನ. ಇದ್ದದ್ದೆಲ್ಲ ಹೋಗುತ್ತದೆ, ಖಚಿತವೇ ಎಂದು ಅದು ಕೇಳಿಯೂ ಕೇಳಿತು. ದಿನಕ್ಕೆ ಐವತ್ತು ಸಲ 'ಯೆಸ್' ಒತ್ತುವ ಬೆರಳು, ಒತ್ತಿಬಿಟ್ಟಿತು. ನಡುಮನೆಯಲ್ಲಿ ಗೊಂಬೆ ಕೂರಿಸಲು ಹಲಗೆ ಜೋಡಿಸುತ್ತಿದ್ದ ಅಮ್ಮನವರು ಕಾಫಿ ತಂದುಕೊಟ್ಟರು.

ವಿಂಡೋಸ್ ಎದ್ದಿತು. 'ದಿಸ್ ಪಿಸಿ' ತೆರೆದರೆ ವಿಂಡೋಸ್ ಇರುವ ಸಿ ಒಂದೇ, ಫೋಟೋಗಳಿದ್ದ ಡಿ ಇಲ್ಲ. ಮುಚ್ಚಿ ಮತ್ತೆ ತೆರೆದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿ ಇದ್ದ ಜಾಗದ ಮೇಲೆ ಕಪ್ಪು ಪಟ್ಟಿ, 'ಅನ್‌ಅಲೊಕೇಟೆಡ್', ಯಾವ ಡ್ರೈವ್‌ಗೂ ಸೇರದ ಖಾಲಿ ಜಾಗ. ಕೈಯಲ್ಲಿದ್ದ ಲೋಟವನ್ನು ಎಲ್ಲಿಡಬೇಕೆಂದು ಹೊಳೆಯಲಿಲ್ಲ. ಹಿಂದೆ ನಿಂತಿದ್ದ ಮೇಷ್ಟ್ರು, "ಗೊಂಬೆ ಫೋಟೋ ತೆಗೆಯಪ್ಪ, ಹೋದ ವರ್ಷ ಹೇಗೆ ಜೋಡಿಸಿದ್ದೆವು ನೋಡಬೇಕಂತೆ" ಎಂದರು.

ಇಮೇಜ್ ತಾನಾಗಿ ಸೇರಿಸಿಕೊಳ್ಳುವುದು ವಿಂಡೋಸ್ ನಡೆಯಲು ಬೇಕಾದ ಪಾರ್ಟಿಷನ್‌ಗಳನ್ನು, ಅಂದರೆ ಡಿಸ್ಕಿನ ಭಾಗಗಳನ್ನು ಮಾತ್ರ. ಡಿ ಬೇಕಿದ್ದರೆ ನಾವೇ ಟಿಕ್ ಹಾಕಬೇಕು. ಯುಗಾದಿಯಲ್ಲಿ ಹಾಕಬೇಕಾದ ಟಿಕ್ ಹಾಕಿರಲಿಲ್ಲ, ಈಗ ಹಾಕಬಾರದ ಟಿಕ್ ಹಾಕಿದ್ದೆ. ವಿಂಡೋಸಿನ ಇನ್ನೊಂದು ಬ್ಯಾಕಪ್ ಸೌಲಭ್ಯ ಫೈಲ್ ಹಿಸ್ಟರಿಯದೂ ಇದೇ ಪಾಡು: ನಾವಾಗಿ ಸೇರಿಸದಿದ್ದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಂದು ತನಗೆ ಗೊತ್ತಿರುವ ಮನೆಗಳಿಗಷ್ಟೇ ಹೋಗುತ್ತದೆ. ಇಮೇಜ್ ತೆಗೆಯುವ ಮೆನುವಿನ ಹೆಸರಿನಲ್ಲಿ ಇನ್ನೂ 'ವಿಂಡೋಸ್ 7' ಎಂದೇ ಇದೆ. 2009ರ ಬೋರ್ಡನ್ನು ಬದಲಿಸಲು ಮೈಕ್ರೋಸಾಫ್ಟ್‌ನವರಿಗೂ ಪುರುಸೊತ್ತಿಲ್ಲ.

ಕಂಪ್ಯೂಟರನ್ನು ಆ ಕ್ಷಣವೇ ಆರಿಸಿದೆ. ಡಿಸ್ಕನ್ನು ಬಿಚ್ಚಿ ಅಂಗಡಿಗೆ ತಂದು, ಬೇರೆ ಯಂತ್ರಕ್ಕೆ ಜೋಡಿಸಿ, ರಾತ್ರಿಯಿಡೀ ಸ್ಕ್ಯಾನ್‌ಗೆ ಬಿಟ್ಟೆ. ಹಳೆಯ ತಿರುಗುವ ಡಿಸ್ಕ್ ಆದದ್ದಕ್ಕೆ ಬಚಾವಾದೆ. ತಿರುಗುವ ಭಾಗವೇ ಇಲ್ಲದ ಹೊಸ ಬಗೆಯ ಎಸ್‌ಎಸ್‌ಡಿಯಲ್ಲಾದರೆ ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಗುಡಿಸಿಬಿಡುತ್ತದೆ. ಫೋಟೋಗಳೇನೋ ಬಂದವು, ಹೆಸರುಗಳು ಬರಲಿಲ್ಲ. ವರ್ಷಕ್ಕೊಂದರಂತೆ ಇದ್ದ ಫೋಲ್ಡರ್‌ಗಳೆಲ್ಲ ಕರಗಿ ಬರೀ ನಂಬರುಗಳ ರಾಶಿ. ದಿನಾಂಕ ನೋಡಿ ವಿಂಗಡಿಸೋಣವೆಂದರೆ, ಅವರ ಕ್ಯಾಮೆರಾಗೆ ಯಾರೂ ದಿನಾಂಕವನ್ನೇ ಹೊಂದಿಸಿರಲಿಲ್ಲ.

ನಿಜ ಹೇಳಿದಾಗ ಮೇಷ್ಟ್ರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಎರಡು ಸಂಜೆ ಮೂವರೂ ಪರದೆಯ ಮುಂದೆ ಕುಳಿತೆವು. "ಇದು ಪಟ್ಟದ ಗೊಂಬೆಯ ಮೂಗು ಮುಕ್ಕಾಗುವ ಮೊದಲಿನದು" ಎಂದು ಅಮ್ಮನವರು ಹೇಳುತ್ತಿದ್ದರು, ನಾನು ಫೋಲ್ಡರ್‌ಗೆ ಎಳೆದು ಹಾಕುತ್ತಿದ್ದೆ. ಯಾವ ವರ್ಷಕ್ಕೂ ಸೇರದ ನಲವತ್ತು ಚಿತ್ರಗಳು ಉಳಿದವು. ಜಾಬ್ ಕಾರ್ಡಿನಲ್ಲಿ ಮಾಲೀಕರು 'ಕೆಲಸ ಮುಗಿದಿದೆ' ಎಂದು ಬರೆಸಿ, ಬಿಲ್ಲಿನ ಹಣವನ್ನು ನನ್ನ ಸಂಬಳದಲ್ಲಿ ಹಿಡಿದುಕೊಂಡರು. ಬಿಡಿ ಡಿಸ್ಕ್ ಇನ್ನೂ ಬಂದಿಲ್ಲ.